ಕೆಳಗಿನ ಮನೆ

ಲಿಫ್ಟ್ ರಿಪೇರಿ ಮಾಡುವವನ ಮನೆ ಮೂರನೇ ಮಹಡಿಯಲ್ಲಿದೆ, ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ ಎಂದರೆ ಯಾರಿಗಾದರೂ ನಗು ಬರುತ್ತದೆ. ನಾನೂ ಹದಿನಾಲ್ಕು ವರ್ಷ ನಕ್ಕಿದ್ದೇನೆ. ಐವತ್ನಾಲ್ಕು ಮೆಟ್ಟಿಲು. ಸಂಜೆ ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಹತ್ತಲು ಶುರು ಮಾಡಿದರೆ, ಕೆಳಗಿನ ಮನೆಯ ಟೈಲರ್ ಮಾಮ ಹೊಲಿಗೆ ಮಷೀನಿನಿಂದ ತಲೆಯೆತ್ತದೆಯೇ, "ಏನಪ್ಪಾ, ನಿಮ್ಮನೆ ಲಿಫ್ಟ್ ರಿಪೇರಿ ಯಾವಾಗ?" ಎನ್ನುತ್ತಿದ್ದರು. "ಮೊದ್ಲು ಹಾಕಿಸ್ಲಿ ಮಾಮ, ಆಮೇಲೆ ಕೆಡಿಸಿ ರಿಪೇರಿ ಮಾಡ್ತೀನಿ" ಎನ್ನುತ್ತಿದ್ದೆ. ದಿನಾ ಅದೇ ಮಾತು, ದಿನಾ ಇಬ್ಬರಿಗೂ ಅದೇ ನಗು.

ನಾನು ಬಿದ್ದದ್ದು ನನ್ನದೇ ತಪ್ಪಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಲು ಬಂದವರೆಲ್ಲ ಕಂಪನಿಯನ್ನೋ ಹಣೆಬರಹವನ್ನೋ ಬೈದು ನನಗೆ ಸಮಾಧಾನ ಹೇಳುತ್ತಾರೆ, ಕೇಳಿದರೆ ಮೈ ಉರಿಯುತ್ತದೆ. ಲಿಫ್ಟಿನ ಪ್ರತಿ ಬಾಗಿಲಿಗೂ ಒಂದು ಸ್ವಿಚ್ ಇರುತ್ತದೆ. ಬಾಗಿಲು ತೆರೆದಿದ್ದರೆ ಲಿಫ್ಟ್ ಜಾಗ ಬಿಟ್ಟು ಕದಲಬಾರದು, ಅದಕ್ಕೆ. ರಿಪೇರಿ ಮಾಡುವಾಗ ನಾವು ಆ ಸ್ವಿಚ್ಚಿನ ಎರಡು ತುದಿಗೆ ಗೇಣುದ್ದದ ತಂತಿಯೊಂದನ್ನು ಸಿಕ್ಕಿಸುತ್ತೇವೆ. ಅಲ್ಲಿಗೆ ಬಾಗಿಲು ಮುಚ್ಚಿದೆ ಎಂದು ಲಿಫ್ಟ್ ನಂಬುತ್ತದೆ, ನಾವು ಹೇಳಿದಂತೆ ಓಡುತ್ತದೆ. ಕೆಲಸ ಮುಗಿದ ಕೂಡಲೇ ತಂತಿ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಕಲಿಸುವವರು ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಆವತ್ತು ತಂತಿ ಅಲ್ಲೇ ಇತ್ತು. ಮೇಲೆ ಯಾರೋ ಗುಂಡಿ ಒತ್ತಿದ್ದರು, ತೆರೆದ ಬಾಗಿಲು ತೆರೆದಂತೆಯೇ ಲಿಫ್ಟ್ ನನ್ನ ಬೆನ್ನ ಹಿಂದಿನಿಂದ ಮೇಲಕ್ಕೆ ಹೋಗಿಬಿಟ್ಟಿತ್ತು. ವಾಚ್‌ಮನ್ "ಇನ್ನೆಷ್ಟು ಹೊತ್ತು?" ಎಂದ. "ಐದೇ ನಿಮಿಷ" ಎನ್ನುತ್ತ, ಅವನ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಕಾಲಿಟ್ಟೆ. ಎರಡು ಮಹಡಿ ಕೆಳಗೆ, ಲಿಫ್ಟಿನ ತಳದ ಹಳ್ಳದಲ್ಲಿ, ಸ್ಪ್ರಿಂಗಿನ ಮೇಲೆ, ಬೆನ್ನು ಅಡಿಯಾಗಿ ಬಿದ್ದೆ.

ಹೊಕ್ಕಳಿನವರೆಗೆ ನಾನು, ಅಲ್ಲಿಂದ ಕೆಳಗೆ ಬೇರೆ ಯಾರೋ. ಆ ಬೇರೆ ಯಾರನ್ನೋ ದಿನಕ್ಕೆ ಹತ್ತು ಸಲ ಎತ್ತಿ, ಹೊರಳಿಸಿ, ತೊಳೆದು, ಒರೆಸಿ, ಬಟ್ಟೆ ತೊಡಿಸುವುದನ್ನು ಕಲಿಸುವ ವಾರ್ಡಿಗೆ ನನ್ನನ್ನು ಸೇರಿಸಿದರು. ಪುನರ್ವಸತಿ ವಾರ್ಡ್ ಎಂದು ಬಾಗಿಲ ಮೇಲೆ ಬರೆದಿತ್ತು. ಎಂಟು ಮಂಚ, ಎಂಟು ವ್ಹೀಲ್‌ಚೇರ್, ಕೊನೆಯಲ್ಲಿ ಒಂದು ದೊಡ್ಡ ಕೋಣೆ, ಅದರ ತುಂಬ ನೀಲಿ ಚಾಪೆ. ಅಲ್ಲಿ ನಮ್ಮನ್ನು ಆಳುತ್ತಿದ್ದವರು ವ್ಯಾಯಾಮದ ಮೇಡಂ. ನಾವು ಅವರಿಗೆ ಇಟ್ಟ ಹೆಸರು ಎಣಿಕೆ ಮೇಡಂ. ಕಡ್ಡಿಯಂಥ ಹೆಂಗಸು, ಯಾವಾಗಲೂ ಎಣಿಸುತ್ತಲೇ ಇರುತ್ತಿದ್ದರು. ಮಂಚಕ್ಕೂ ಕುರ್ಚಿಗೂ ನಡುವೆ ಒಂದು ನುಣುಪಾದ ಹಲಗೆ ಇಟ್ಟು, ಅದರ ಮೇಲೆ ಕುಂಡೆ ಜಾರಿಸಿಕೊಂಡು ಈ ಕಡೆಯಿಂದ ಆ ಕಡೆಗೆ ಹೋಗಬೇಕು. ತೋಳಿನ ಬಲ ಒಂದೇ ಗತಿ. ಜಾರಿದ್ದು ಅವರಿಗೆ ಸರಿ ಕಾಣದಿದ್ದರೆ ಹನ್ನೊಂದರ ನಂತರ ಮತ್ತೆ ಹನ್ನೊಂದು ಎನ್ನುತ್ತಿದ್ದರು. ಒಂದು ದಿನ ನಾನು ಏಳು ಸಲ ಹನ್ನೊಂದರಲ್ಲೇ ಇದ್ದೆ.

ಪಕ್ಕದ ಮಂಚದಲ್ಲಿ ಡ್ರೈವರಣ್ಣ. ಲಾರಿ ಓಡಿಸುತ್ತಿದ್ದವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವನು ಇಲ್ಲಿಗೆ ಎರಡನೇ ಸಲ ಬಂದವನು. ಮೊದಲ ಸಲ ಮುಗಿಸಿಕೊಂಡು ಊರಾಚೆಯ ಆರೈಕೆ ಕೇಂದ್ರಕ್ಕೆ ಹೋಗಿದ್ದ, ಅಲ್ಲಿ ಮಲಗಿ ಮಲಗಿ ಬೆನ್ನ ಕೆಳಗೆ ಹುಣ್ಣಾಗಿ ವಾಪಸ್ ಬಂದಿದ್ದ. ಯಾರನ್ನು ಮನೆಗೆ ಕರೆದೊಯ್ಯಲು ಯಾರೂ ಇಲ್ಲವೋ, ಯಾರ ಮನೆಯೊಳಕ್ಕೆ ವ್ಹೀಲ್‌ಚೇರ್ ಹೋಗುವುದಿಲ್ಲವೋ, ಅಂಥವರನ್ನು ಕಳಿಸುವ ಜಾಗ ಅದು.

"ಹೇಗಿದೆ ಅಣ್ಣಾ ಅಲ್ಲಿ?" ಎಂದು ಕೇಳಿದ್ದೆ.

"ಚೆನ್ನಾಗಿದೆ ತಮ್ಮಾ. ಟಿವಿ ಇದೆ. ರಿಮೋಟ್ ಯಾರ ಹತ್ರ ಇದೆ ಅಂತ ಹುಡುಕೋದ್ರಲ್ಲೇ ಹೊತ್ತು ಹೋಗುತ್ತೆ."

"ಮನೆಯವರು ಬರ್ತಾರಾ?"

"ಮೊದಲನೇ ತಿಂಗಳು ವಾರಾ ವಾರಾ ಬರ್ತಾರೆ. ಆಮೇಲೆ ಫೋನ್ ಮಾಡ್ತಾರೆ. ಆಮೇಲೆ ನೀನೇ ಫೋನ್ ಮಾಡ್ತೀಯ." ಇಷ್ಟು ಹೇಳಿ ಗೋಡೆ ಕಡೆ ತಿರುಗಿದ.

ಆವತ್ತಿನಿಂದ ನನಗೆ ಬೇರೆ ಯಾವ ಭಯವೂ ಉಳಿಯಲಿಲ್ಲ, ಅದೊಂದೇ. ನಡೆಯಲಾಗದಿದ್ದರೆ ಹಾಳಾಗಿ ಹೋಗಲಿ, ಮನೆಗೆ ಹೋಗಬೇಕು. ನನ್ನ ಹೆಂಡತಿಯ ಇಸ್ತ್ರಿಯ ವಾಸನೆ ಇರುವ ಮನೆಗೆ. ಅವಳು ಹೋಟೆಲುಗಳ ಬೆಡ್‌ಶೀಟ್ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಬೆಳಗಿನಿಂದ ಮೂರರವರೆಗೆ ನಿಂತೇ ಇದ್ದು, ನಾಲ್ಕಕ್ಕೆ ವಾರ್ಡಿಗೆ ಬರುತ್ತಿದ್ದಳು. ಬಂದವಳು ಮೊದಲು ನನ್ನನ್ನು ನೋಡುತ್ತಿರಲಿಲ್ಲ, ಹಾಸಿಗೆಯ ಮೂಲೆ ನೋಡುತ್ತಿದ್ದಳು. "ಇದೇನ್ ಮಡಿಸಿದ್ದಾರೋ, ಎಮ್ಮೆ ನಾಲಿಗೆಲಿ ನೆಕ್ಕಿದಂಗಿದೆ" ಎಂದು ಶೀಟು ಕಿತ್ತು ಮತ್ತೆ ಹಾಸುತ್ತಿದ್ದಳು. ನಮಗೆ ಮಕ್ಕಳಿಲ್ಲ. ನಾವಿಬ್ಬರೇ ಇದ್ದದ್ದು, ಅದು ನಮಗೆ ಯಾವತ್ತೂ ಕಡಿಮೆ ಎನಿಸಿರಲಿಲ್ಲ.

ಮೂರನೇ ಮಹಡಿಗೆ ನನ್ನನ್ನು ಹೊತ್ತುಕೊಂಡು ಹೋಗುವವರು ಯಾರು? ಈ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಕ್ಕಿತ್ತು. ಟೈಲರ್ ಮಾಮ ಮನೆ ಖಾಲಿ ಮಾಡಿ ಮಗಳ ಹತ್ತಿರ ಹೋಗುವವರಿದ್ದರು. ನೆಲಮಹಡಿ, ಒಂದೂ ಮೆಟ್ಟಿಲಿಲ್ಲ, ಬಟ್ಟೆ ಬಂಡಲುಗಳಿಗಾಗಿ ಅಗಲ ಮಾಡಿಸಿದ ಬಾಗಿಲು. ಓನರಮ್ಮನಿಗೆ ಮಾತು ಹೇಳಿ ನಮಗಾಗಿಯೇ ಹಿಡಿದಿಟ್ಟಿದ್ದರು. ಯಾರು ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುವ ಫಾರ್ಮ್ ಮೇಡಂ ವಾರಕ್ಕೊಮ್ಮೆ ಫೈಲು ಹಿಡಿದು ಬರುತ್ತಿದ್ದರು. ಅವರು ನನ್ನ ಹಾಳೆಯಲ್ಲಿ "ಕೆಳಗಿನ ಮನೆ ಸಿಕ್ಕರೆ ಮನೆಗೆ" ಎಂದು ಬರೆದುಕೊಂಡರು. ಆ ಸಾಲನ್ನು ನಾನು ತಲೆಕೆಳಗಾಗಿ ಓದಿದೆ. ಮಲಗಿದವನಿಗೆ ಎಲ್ಲವನ್ನೂ ತಲೆಕೆಳಗಾಗಿ ಓದುವುದು ಅಭ್ಯಾಸವಾಗಿಬಿಡುತ್ತದೆ.

ಮನೆಗೆ ಹೋಗುವವರ ಮನೆಯವರಿಗೆ ಒಂದು ದಿನ ತರಬೇತಿ ಇರುತ್ತದೆ. ಹೆಂಡತಿ ಲಾಂಡ್ರಿಗೆ ರಜೆ ಹಾಕಿ ಬಂದಳು. ಅವಳು ತೂಗಿದರೆ ನಲವತ್ತೈದು ಕಿಲೋ, ನಾನು ಎಂಬತ್ತು. ಎರಡು ಗಂಟೆಗೊಮ್ಮೆ ನನ್ನನ್ನು ಹೊರಳಿಸುವುದು ಹೇಗೆ, ನಾಲ್ಕು ಗಂಟೆಗೊಮ್ಮೆ ಮೂತ್ರದ ಟ್ಯೂಬ್ ಹಾಕಿ ತೆಗೆಯುವುದು ಹೇಗೆ, ಹುಣ್ಣು ಏಳುತ್ತಿದೆಯೇ ಎಂದು ಎಲ್ಲೆಲ್ಲಿ ನೋಡಬೇಕು, ಎಲ್ಲ ತೋರಿಸಿದರು. ಬೆಳಿಗ್ಗೆ ಹೊಟ್ಟೆ ಖಾಲಿ ಮಾಡಿಸುವುದನ್ನೂ ತೋರಿಸಿದರು. ಅದು ತಾನಾಗಿ ಆಗುವುದಿಲ್ಲ, ಗ್ಲೌಸ್ ಹಾಕಿ ಬೆರಳಿನಿಂದಲೇ ಮಾಡಬೇಕು. ನನಗೆ ಸ್ಪರ್ಶ ತಿಳಿಯುವುದಿಲ್ಲ, ಅದಕ್ಕೇ ಅವಳ ಮುಖ ನೋಡುವುದೊಂದೇ ನನಗೆ ಉಳಿದಿದ್ದ ಕೆಲಸ. ಅವಳು ಮುಖ ಸಿಂಡರಿಸಲಿಲ್ಲ. ನರ್ಸ್ ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದಳು. ಕೊನೆಗೆ ಕುರ್ಚಿಯಿಂದ ನನ್ನನ್ನು ಮಂಚಕ್ಕೆ ದಾಟಿಸುವಾಗ ಅವಳ ಕಾಲು ಜಾರಿ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. "ಏನಾಗಿಲ್ಲ, ಏನಾಗಿಲ್ಲ" ಎನ್ನುತ್ತಲೇ ಎದ್ದಳು.

ಆಮೇಲೆ ಸಿಂಕಿನ ಹತ್ತಿರ ನಿಂತು ಕೈ ತೊಳೆದಳು. ನಮ್ಮ ಕಡೆ ಬೆನ್ನು ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ, ತೊಳೆದು, ಮತ್ತೆ ಹಚ್ಚಿ, ಬಹಳ ಹೊತ್ತು ತೊಳೆದಳು. ಅಚ್ಚುಕಟ್ಟಿನ ಹೆಂಗಸು ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಅದಾಗಿ ಒಂದು ವಾರಕ್ಕೆ ನನ್ನ ಎಡಗಾಲು ಅಲ್ಲಾಡಿತು.

ಮಂಗಳವಾರ, ನಾಲ್ಕೂಕಾಲು. ಅವಳು ಎಂದಿನಂತೆ ಬೈಯುತ್ತ ನನ್ನ ಮೇಲಿನ ಶೀಟನ್ನು ಒಂದೇ ಸಲಕ್ಕೆ ಎಳೆದಳು. ಮೊಣಕಾಲು ಪಟ್ಟನೆ ಮಡಿಸಿಕೊಂಡು ಮೇಲೆದ್ದು, ನಡುಗಿ, ನಿಧಾನಕ್ಕೆ ಕೆಳಗಿಳಿಯಿತು. ನಾಲ್ಕು ತಿಂಗಳಿಂದ ಮರದ ದಿಮ್ಮಿಯ ಹಾಗೆ ಬಿದ್ದಿದ್ದ ಕಾಲು.

"ರೀ," ಎಂದಳು ಹೆಂಡತಿ. ಶೀಟು ಕೈಯಲ್ಲೇ ಇತ್ತು. "ನೀವಾ ಮಾಡಿದ್ದು?"

"ನಾನೇ ಇರ್ಬೇಕು," ಎಂದೆ.

ಆ ಹೊತ್ತಿನಲ್ಲಿ ಅದು ಸುಳ್ಳಾಗಿರಲಿಲ್ಲ. ಲಿಫ್ಟಿನ ಕೆಳಗೆ ಒಂದು ಉದ್ದನೆಯ ಕೇಬಲ್ ಜೋತಾಡುತ್ತಿರುತ್ತದೆ, ಅದರೊಳಗೆ ಹತ್ತಾರು ಸಣ್ಣ ತಂತಿ. ಒಂದು ತಂತಿ ಒಳಗೇ ಮುರಿದರೆ ಅದರ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ದೀಪ ಮಿಣುಕಿತು ಎಂದರೆ ತಂತಿ ಪೂರ್ತಿ ಹೋಗಿಲ್ಲ, ಎಲ್ಲೋ ಒಂದು ಎಳೆ ತಾಗುತ್ತಿದೆ ಎಂದು ಅರ್ಥ. ಇಪ್ಪತ್ತು ವರ್ಷ ಇದನ್ನೇ ನಂಬಿ ಕೆಲಸ ಮಾಡಿದವನು ನಾನು, ಒಂದು ಸಲವೂ ಸುಳ್ಳಾಗಿರಲಿಲ್ಲ. ನನ್ನ ಕಾಲು ಮಿಣುಕಿದೆ, ಒಂದು ಎಳೆ ಉಳಿದಿದೆ. ಹಾಗೆಂದು ಅವಳಿಗೆ ವಿವರಿಸಿ ಹೇಳಿದೆ. ಅವಳು ನನ್ನ ಪಾದ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ನಾವು ಹಾಗೆ ಅಳುವುದನ್ನು ಡ್ರೈವರಣ್ಣ ನೋಡುತ್ತಿದ್ದ, ಅವನು ತಮಾಷೆ ಮಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಗುರುವಾರ ನೀಲಿ ಚಾಪೆಯ ಮೇಲೆ ಎಣಿಕೆ ಮೇಡಂಗೆ ವಿಷಯ ಹೇಳಿದೆ. ಅವರು ಎಣಿಸುವುದನ್ನು ನಿಲ್ಲಿಸಿದರು.

"ಅದು ನೀವು ಅಲ್ಲಾಡಿಸಿದ್ದಲ್ಲ. ಬೆನ್ನುಹುರಿಯಲ್ಲಿ ಗಾಯದ ಕೆಳಗಿನ ಭಾಗ ತನ್ನಷ್ಟಕ್ಕೆ ತಾನೇ ಮಾಡೋ ಕೆಲಸ ಅದು. ತಣ್ಣಗೆ ಏನಾದ್ರೂ ತಗುಲಿದ್ರೆ, ಚಿವುಟಿದ್ರೆ, ಶೀಟು ಎಳೆದ್ರೆ ಸಾಕು, ಕಾಲು ಎಗರುತ್ತೆ. ಮೇಲಿಂದ ಆರ್ಡರ್ ಬಂದು ಆಗೋದಲ್ಲ. ಎಷ್ಟೋ ಜನಕ್ಕೆ ಬರುತ್ತೆ. ಆಸೆ ಇಟ್ಕೋಬೇಡಿ, ಪ್ಲೀಸ್."

ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮೇಲಿನ ಮಷೀನು ರೂಮಿನ ಸಂಪರ್ಕ ಪೂರ್ತಿ ಹೋಗಿದ್ದರೂ ಕೆಲವು ಹಳೆಯ ಲಿಫ್ಟುಗಳಲ್ಲಿ ಗುಂಡಿ ಒತ್ತಿದರೆ ಗುಂಡಿಯ ದೀಪ ಮಾತ್ರ ಹತ್ತುತ್ತದೆ. ಜನ ದೀಪ ನೋಡಿ ನಿಂತೇ ಇರುತ್ತಾರೆ. ಲಿಫ್ಟ್ ಬರುವುದಿಲ್ಲ. "ಹನ್ನೆರಡು" ಎಂದರು ಮೇಡಂ. ನಾನು ಕೈಯೂರಿ ಮೈ ಎತ್ತಿದೆ.

ಸಂಜೆ ಅವಳು ಬಂದ ಕೂಡಲೇ ಹೇಳಿಬಿಡಬೇಕು ಎಂದು ನಿರ್ಧರಿಸಿದ್ದೆ. ಅವಳು ಬಂದಳು. ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿದ್ದಾಳಂತೆ, ಸೂಪರ್‌ವೈಸರ್ ಕೂಡ ಸಂತೋಷಪಟ್ಟನಂತೆ. ಜೊತೆಗೆ ಟೈಲರ್ ಮಾಮನನ್ನೂ ಕರೆತಂದಿದ್ದಳು. ಮುದುಕರು ನನ್ನ ತಲೆಯ ಹತ್ತಿರ ನಿಂತು, "ಎಲ್ಲಿ, ನಂಗೂ ತೋರ್ಸಪ್ಪಾ" ಎಂದರು.

ಚಿವುಟಿದರೆ ಕಾಲು ಎಗರುತ್ತದೆ ಎಂದು ಮೇಡಂ ಹೇಳಿದ್ದರಲ್ಲ. ಅವರಿಬ್ಬರೂ ನನ್ನ ಬಲಕ್ಕಿದ್ದರು. ಎಡಗೈಯನ್ನು ಶೀಟಿನೊಳಗೆ ಸರಿಸಿ, ಎಡತೊಡೆಯ ಒಳಭಾಗವನ್ನು ಉಗುರಿನಿಂದ ಗಟ್ಟಿಯಾಗಿ ಚಿವುಟಿದೆ. ನನಗೇನೂ ನೋವಾಗಲಿಲ್ಲ. ಕಾಲು ಎಗರಿತು. ಟೈಲರ್ ಮಾಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೆಂಡತಿ ನಕ್ಕಳು.

ಮಾಡಬಾರದ್ದು ಎಂದು ಗೊತ್ತಿತ್ತು. ನಾನೇನು ಮಾಡಿದೆ ಎಂದೂ ಗೊತ್ತಿತ್ತು. ಬಾಗಿಲು ತೆರೆದೇ ಇರುವಾಗ ಮುಚ್ಚಿದೆ ಎಂದು ನಂಬಿಸುವ ತಂತಿಯನ್ನು ಮತ್ತೊಮ್ಮೆ ಸಿಕ್ಕಿಸಿದ್ದೆ, ಈ ಸಲ ಹೆಂಡತಿಗೆ. ಆದರೆ ಆ ನಗುವನ್ನು ನೀವು ನೋಡಿಲ್ಲ. ನಾಲ್ಕು ತಿಂಗಳಲ್ಲಿ ಅವಳು ಹಲ್ಲು ಕಾಣಿಸಿ ನಕ್ಕಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತ ಎಂಟು ದಿನ ಕಳೆಯಿತು. ತೊಡೆಯ ತುಂಬ ಉಗುರಿನ ಗುರುತು. ಸ್ನಾನ ಮಾಡಿಸುವ ನರ್ಸ್ ಅನುಮಾನದಿಂದ ನೋಡಿದರೆ ಸೊಳ್ಳೆ ಎಂದೆ.

"ನನ್ನ ಕಾಲೂ ಮೊದಲನೇ ವರ್ಷ ಹಿಂಗೇ ಕುಣೀತಿತ್ತು ತಮ್ಮಾ," ಎಂದ ಡ್ರೈವರಣ್ಣ ಒಂದು ಮಧ್ಯಾಹ್ನ. "ನಾನೂ ನಮ್ಮಮ್ಮಂಗೆ ತೋರಿಸ್ದೆ. ಅವಳು ನಂಬಿಕೊಂಡೇ ಹೋಗ್ಬಿಟ್ಳು. ಪುಣ್ಯವಂತೆ. ನಿನ್ನ ಹೆಂಡ್ತಿ ಇನ್ನೂ ಬದುಕಬೇಕಾದವಳು, ಹೇಳ್ಬಿಡು."

"ಹೇಳ್ತೀನಿ," ಎಂದೆ.

ಆ ಶುಕ್ರವಾರ ಅವಳು ಬಂದು ಶೀಟಿಗೆ ಕೈ ಹಾಕಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

"ಟೈಲರ್ ಮಾಮ ಇವತ್ತು ಸಂಜೆ ಉತ್ತರ ಕೇಳ್ತಾರೆ," ಎಂದಳು. "ಓನರಮ್ಮನ ಹತ್ರ ಬೇರೆ ಯಾರೋ ಬಂದಿದ್ದಾರಂತೆ. ನಾವು ಬೇಕು ಅಂದ್ರೆ ನಮಗೆ, ಇಲ್ಲಾ ಅಂದ್ರೆ ಅವರಿಗೆ. ಏನ್ ಹೇಳ್ಲಿ?"

"ನೀನೇನ್ ಅಂತೀಯ?"

"ನಾನೇನ್ ಅನ್ಲಿ. ಕಾಲು ಬರ್ತಿದೆ ಅಂದ್ರೆ ಕೆಳಗಿನ ಮನೆ ಯಾಕೆ? ಅದು ಕತ್ತಲೆ, ತೇವ. ನಮ್ಮ ಮನೇಲಿ ಗಾಳಿ ಬೆಳಕು ಚೆನ್ನಾಗಿದೆ. ಇನ್ನೊಂದು ಸ್ವಲ್ಪ ದಿನ ಇಲ್ಲೇ ಇದ್ದು, ಕಾಲು ಗಟ್ಟಿ ಆದ್ಮೇಲೆ ಹೋಗ್ಬಹುದು. ಬರ್ತಿಲ್ಲ ಅಂದ್ರೆ ಬೇರೆ ಮಾತು." ಆಮೇಲೆ ಕೇಳಿದಳು, "ಬರ್ತಿದೆ ತಾನೇ?"

ಅವಳ ಕಣ್ಣು ನನ್ನ ಮೇಲೇ ಇತ್ತು. ಬಾಯಿ ತೆರೆದರೆ ಎರಡು ಮಾತು, ಕೆಳಗಿನ ಮನೆ ನಮ್ಮದಾಗುತ್ತಿತ್ತು. ನನಗೆ ಬೇಕಾಗಿದ್ದೂ ಅದೇ, ನಾಲ್ಕು ತಿಂಗಳಿಂದ ಅದೊಂದೇ. ಆದರೆ ಆ ಎರಡು ಮಾತಿನ ಜೊತೆಗೆ ಈ ಎಂಟು ದಿನದ ನಾಟಕವೂ ಹೊರಬೀಳುತ್ತಿತ್ತು. ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಎಡಗೈ ಶೀಟಿನೊಳಗೆ ಹೋಯಿತು. ಕಾಲು ಎಗರಿತು.

ಅವಳು ಕಾಲನ್ನು ನೋಡಲಿಲ್ಲ, ನನ್ನ ಭುಜದ ಕಡೆ ನೋಡುತ್ತಿದ್ದಳು. ಬಹಳ ಹೊತ್ತು ನೋಡಿ, "ಸರಿ ಹಾಗಾದ್ರೆ, ಬೇಡ ಅಂತ ಹೇಳ್ತೀನಿ" ಎಂದು ಎದ್ದು ಬ್ಯಾಗು ತಗುಲಿಸಿಕೊಂಡಳು. ಆ ದಿನ ಶೀಟಿನ ಮೂಲೆ ಹಾಗೇ ಉಳಿಯಿತು.

ಕೆಳಗಿನ ಮನೆಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತಂತೆ. ಟೈಲರ್ ಮಾಮ ಹೋಗುವ ಮುನ್ನ ನನಗೆ ಎರಡು ಪ್ಯಾಂಟ್ ಹೊಲಿದು ಕಳಿಸಿದ್ದರು. ಎದ್ದು ನಿಂತಾಗ ಹಾಕಿಕೊಳ್ಳಲಿ ಎಂದು ಹೇಳಿ ಕಳಿಸಿದ್ದರು.

ಮುಂದಿನ ಬುಧವಾರ ದೊಡ್ಡ ಡಾಕ್ಟರು ಬಂದರು. ಬಿಡುಗಡೆಗೆ ಮುಂಚೆ ಕೊನೆಯ ಪರೀಕ್ಷೆ. ಮನೆಯವರು ಹತ್ತಿರ ಇರಬೇಕು ಎನ್ನುವುದು ನಿಯಮ. ಹೆಂಡತಿ ಮಂಚದ ಕಾಲ ಕಡೆ ನಿಂತಳು. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಹತ್ತಿಯಿಂದ ಒಮ್ಮೆ, ಸೂಜಿಯಿಂದ ಒಮ್ಮೆ, ಎದೆಯಿಂದ ಕೆಳಗಿನವರೆಗೆ ಮುಟ್ಟುತ್ತ ಹೋದರು. "ಇದು?" "ಚುಚ್ತಿದೆ." "ಇದು?" "ಮೆತ್ತಗಿದೆ." ಹೊಕ್ಕಳು ದಾಟಿದ ಮೇಲೆ ಅವರು ಮುಟ್ಟುತ್ತಿದ್ದರೋ ನಿಲ್ಲಿಸಿದ್ದರೋ ನನಗೆ ತಿಳಿಯಲಿಲ್ಲ, "ಇದು?" ಎನ್ನುವುದು ಮಾತ್ರ ಕೇಳಿಸುತ್ತಿತ್ತು. ಕಾಲಿನ ಹೆಬ್ಬೆರಳು ಎತ್ತಿ ಎಂದರು. ಎತ್ತಿದೆ. ಕಣ್ಣು ತೆರೆದು ನೋಡಿದರೆ ಹೆಬ್ಬೆರಳು ಹಾಗೇ ಇತ್ತು.

"ನಾಲ್ಕು ತಿಂಗಳ ಹಿಂದೆ ಹೇಗಿತ್ತೋ ಹಾಗೇ ಇದೆ," ಎಂದರು ಡಾಕ್ಟರು, ಒಳ್ಳೆಯ ದನಿಯಲ್ಲೇ. "ಗಾಯದ ಕೆಳಗೆ ಏನೂ ಬಂದಿಲ್ಲ. ಇನ್ನು ಬರೋ ಸಾಧ್ಯತೆ ಬಹಳ ಕಡಿಮೆ. ಕಾಲು ಎಗರ್ತಿದೆಯಲ್ಲ, ಅದಕ್ಕೆ ಒಂದು ಮಾತ್ರೆ ಬರೆದಿದ್ದೀನಿ, ನಿಲ್ಲುತ್ತೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಅಳುತ್ತಾಳೆ, ಕೂಗಾಡುತ್ತಾಳೆ, ಡಾಕ್ಟರ ಜೊತೆ ವಾದಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯಾಡಿಸಿದಳು, ಅಷ್ಟೇ. ಆಘಾತಕ್ಕೆ ಮಾತು ನಿಂತಿದೆ ಎಂದುಕೊಂಡೆ.

ಡಾಕ್ಟರು ಹೋದ ಬೆನ್ನಿಗೇ ಫಾರ್ಮ್ ಮೇಡಂ ಬಂದರು. "ಕೆಳಗಿನ ಮನೆ ಏನಾಯ್ತು?" ಎಂದು ಕೇಳಿದರು. "ಹೋಯ್ತು" ಎಂದಳು ಹೆಂಡತಿ. "ಬೇರೆ ಎಲ್ಲಾದ್ರೂ ನೋಡಿದ್ದೀರಾ?" "ಇಲ್ಲ." ಹಾಗಾದರೆ ಸೋಮವಾರ ಕೇಂದ್ರದಲ್ಲಿ ಒಂದು ಮಂಚ ಖಾಲಿಯಾಗುತ್ತದೆ, ಊಟದ ಹೊತ್ತು ಮುಗಿದ ಮೇಲೆ ಫಾರ್ಮ್ ತರುತ್ತೇನೆ, ಇಬ್ಬರೂ ಮಾತಾಡಿಕೊಂಡಿರಿ ಎಂದು ಹೇಳಿ ಹೋದರು. ಡ್ರೈವರಣ್ಣ ಕುರ್ಚಿ ತಿರುಗಿಸಿಕೊಂಡು ವರಾಂಡಕ್ಕೆ ಹೊರಟುಹೋದ. ಅವನಿಗೆ ಅಷ್ಟು ತಿಳುವಳಿಕೆ ಇತ್ತು.

ನಾವಿಬ್ಬರೇ ಉಳಿದೆವು. ಇನ್ನು ಮುಚ್ಚಿಟ್ಟು ಆಗಬೇಕಾದ್ದು ಏನೂ ಇರಲಿಲ್ಲ. ಶೀಟು ಸರಿಸಿ ಎಡತೊಡೆಯ ಗುರುತುಗಳನ್ನು ತೋರಿಸಿದೆ. ಕೆಲವು ಹಸಿರಾಗಿದ್ದವು, ಕೆಲವು ಇನ್ನೂ ಕೆಂಪಾಗಿದ್ದವು.

"ನಾನೇ ಚಿವುಟಿಕೊಳ್ತಿದ್ದೆ," ಎಂದೆ. "ಗುರುವಾರಾನೇ ಗೊತ್ತಾಗಿತ್ತು ನಂಗೆ. ನೀನು ನಗ್ತಿದ್ದೆ, ಹೇಳೋಕೆ ಬಾಯಿ ಬರ್ಲಿಲ್ಲ. ನಿನಗೆ ಮೋಸ ಮಾಡ್ದೆ. ಮನೆ ಕಳ್ದೆ. ಬೈಯಿ. ಹೊಡಿಬೇಕು ಅನ್ಸಿದ್ರೆ ಹೊಡಿ."

ಅವಳು ಶೀಟನ್ನು ಎಳೆದು ತೊಡೆ ಮುಚ್ಚಿದಳು. ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡಿದಳು.

"ನಂಗೂ ಗೊತ್ತಿತ್ತು," ಎಂದಳು.

ನನಗೆ ಅರ್ಥವಾಗಲಿಲ್ಲ.

"ಆ ಗುರುವಾರಾನೇ. ಟೈಲರ್ ಮಾಮನ್ನ ಕೆಳಗೆ ಬಿಟ್ಟು ವಾಪಸ್ ಬರುವಾಗ ಎಣಿಕೆ ಮೇಡಂ ಸಿಕ್ಕಿದ್ರು. ನಾನೇ ಕೇಳ್ದೆ. ಎಲ್ಲ ಹೇಳಿದ್ರು." ಅವಳು ನನ್ನ ಮುಖ ನೋಡದೆ ಶೀಟನ್ನೇ ನೋಡುತ್ತಿದ್ದಳು. "ಮೊದ್ಲು ನೀವು ಖುಷಿಯಾಗಿದ್ದೀರ ಅಂತ ಸುಮ್ಮನಿದ್ದೆ. ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಆಮೇಲೆ ನಿಮ್ಮ ಎಡಭುಜ ಅಲ್ಲಾಡೋದು ಕಾಣಿಸ್ತು."

"ಮತ್ತೆ ಮನೆ? ಮನೆ ಬೇಡ ಅಂತ ಯಾಕೆ ಹೇಳ್ದೆ? ಗೊತ್ತಿದ್ದೂ?"

ವಾರ್ಡಿನ ಆ ತುದಿಯಲ್ಲಿ ಯಾರದೋ ಕುರ್ಚಿಯ ಬ್ರೇಕು ಕಿರುಗುಟ್ಟಿತು.

"ಆವತ್ತು ತರಬೇತಿ ಕೊಟ್ರಲ್ಲ," ಎಂದಳು ಕೊನೆಗೆ. "ಆವತ್ತು ನೆಲದ ಮೇಲೆ ಕೂತಾಗ ಲೆಕ್ಕ ಹಾಕ್ದೆ. ಎರಡು ಗಂಟೆಗೊಂದ್ಸಲ, ನಾಲ್ಕು ಗಂಟೆಗೊಂದ್ಸಲ, ಬೆಳಿಗ್ಗೆ ಎದ್ರೆ ಅದು. ಲಾಂಡ್ರಿ ಬಿಟ್ರೆ ತಿನ್ನೋಕಿಲ್ಲ, ಬಿಡದೇ ಇದ್ರೆ ನಿಮ್ಮನ್ನ ನೋಡೋರಿಲ್ಲ. ನನ್ನ ಕೈಲಿ ಆಗಲ್ಲ ರೀ. ಒಂದು ತಿಂಗಳು ಆಗುತ್ತೆ, ಒಂದು ವರ್ಷ ಆಗುತ್ತೆ, ಸಾಯೋವರೆಗೂ ಆಗಲ್ಲ. ಇದನ್ನ ನಿಮ್ಮ ಮುಂದೆ ಹೇಳೋ ಧೈರ್ಯ ನಂಗಿರ್ಲಿಲ್ಲ. ಆ ಶುಕ್ರವಾರ ನೀವು ನಿಜ ಹೇಳಿದ್ರೆ ಮನೆ ತಗೊಳ್ಳೋಣ ಅಂತಾನೇ ಬಂದಿದ್ದೆ. ದೇವರಾಣೆಗೂ. ಕೇಳ್ದೆ ಅಲ್ವಾ, ಬರ್ತಿದೆ ತಾನೇ ಅಂತ. ನೀವು ಕಾಲು ಎಗರಿಸಿದ್ರಿ. ನಂಗೆ..." ಅವಳು ಉಸಿರೆಳೆದುಕೊಂಡಳು. "ನಂಗೆ ಹೊರೆ ಇಳಿದಂಗಾಯ್ತು. ನಿಮ್ಮ ಸುಳ್ಳು ನಂಗೆ ಅನುಕೂಲ ಆಯ್ತು."

ನನಗೆ ಸಿಟ್ಟು ಬಂತು. ಎದ್ದು ಹೋಗುವಂಥ ಸಿಟ್ಟು, ಏಳಲಾರದವನ ಸಿಟ್ಟು. ಅವಳನ್ನು ಏನೇನೋ ಅನ್ನಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಅವಳ ಕೈ ನೋಡಿದೆ. ಇಸ್ತ್ರಿ ತಗುಲಿ ಸುಟ್ಟ ಹಳೆಯ ಗೆರೆಗಳು, ದಪ್ಪಗಾದ ಗೆಣ್ಣುಗಳು, ಮಣಿಕಟ್ಟಿಗೆ ಸುತ್ತಿದ ಬಟ್ಟೆ. ಆ ಕೈಗಳು ಆವತ್ತು ಸಿಂಕಿನ ಮುಂದೆ ಅಷ್ಟು ಹೊತ್ತು ಏನು ಮಾಡುತ್ತಿದ್ದವು ಎಂಬುದು ಈಗ ತಿಳಿಯಿತು. ಸಿಟ್ಟು ಎಲ್ಲಿಗೆ ಹೋಯಿತೋ, ಅದರ ಜಾಗದಲ್ಲಿ ಉಳಿದದ್ದು ಸಿಟ್ಟಿಗಿಂತ ಕೆಟ್ಟದ್ದು. ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ನಾನು ಅವಳ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನನ್ನನ್ನು ಕೇಳಿಕೊಳ್ಳಲೂ ಹೆದರಿದೆ.

ಫಾರ್ಮ್ ಮೇಡಂ ಬಂದರು. ನಮ್ಮ ಮುಖ ನೋಡಿ ಸ್ವಲ್ಪ ತಡೆದು, ಊಟದ ಟ್ರೇ ಸರಿಸಿ ಹಾಳೆಗಳನ್ನು ನನ್ನ ಮುಂದಿಟ್ಟರು.

"ಇಲ್ಲೊಂದು ಕಾರಣ ಬರೀಬೇಕು," ಎಂದರು, ಬೆರಳಿಟ್ಟು ತೋರಿಸುತ್ತ. "ಮನೇಲಿ ನೋಡ್ಕೊಳ್ಳೋಕೆ ಒಪ್ಪಲಿಲ್ಲ ಅಂತ ಬರೀಬಹುದು. ಇಲ್ಲಾ ಅಂದ್ರೆ ರೋಗಿಯ ಸ್ವಂತ ಇಷ್ಟ ಅಂತ. ಯಾವುದು ಬರೀಲಿ? ತಪ್ಪು ತಿಳ್ಕೋಬೇಡಿ, ಎಲ್ಲರಿಗೂ ಕೇಳ್ತೀವಿ."

ಹೆಂಡತಿ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿತ್ತು. ಅವಳ ಹೆಸರಿನ ಮುಂದೆ ಆ ಮೊದಲನೇ ಸಾಲು ಬರೆದಿಟ್ಟರೆ ಅದು ಯಾವುದೋ ಕಪಾಟಿನಲ್ಲಿ ಅವಳು ಸತ್ತ ಮೇಲೂ ಇರುತ್ತದೆ ಎನಿಸಿತು. ಅಷ್ಟನ್ನಾದರೂ ತಪ್ಪಿಸಬಹುದಿತ್ತು.

"ನನ್ನಿಷ್ಟ," ಎಂದೆ. "ನಾನೇ ಮನೆ ಬೇಡ ಅಂದೆ. ಇವಳು ಬಾ ಬಾ ಅಂತಾನೇ ಇದ್ದಾಳೆ. ನಂಗೇ ಅಲ್ಲಿ ಸರಿಹೋಗಲ್ಲ."

ಮೇಡಂ ಅವಳ ಕಡೆ ತಿರುಗಿದರು. "ಹೌದಾ ಅಮ್ಮಾ?"

ನಾನೂ ಅವಳನ್ನೇ ನೋಡಿದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅವಳು ಇಲ್ಲ ಎನ್ನಲಿ ಎಂದು ಕಾದೆ. ಎಲ್ಲ ಕೇಳಿದ ಮೇಲೂ, ಅವಳು ಹೇಳಿದ್ದೆಲ್ಲ ಸರಿ ಎಂದು ಒಪ್ಪಿದ ಮೇಲೂ ಕಾದೆ. ಇಲ್ಲ ಮೇಡಂ, ಸುಳ್ಳು ಹೇಳ್ತಿದ್ದಾರೆ, ನಾನು ಕರ್ಕೊಂಡು ಹೋಗ್ತೀನಿ, ಹೇಗೋ ಆಗುತ್ತೆ. ಆ ಮಾತು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಕೂಡ ನನಗೆ ಗೊತ್ತಿತ್ತು.

"ಹೌದು ಮೇಡಂ," ಎಂದಳು ಹೆಂಡತಿ. ಮೇಡಂ ಬರೆದುಕೊಂಡು, ಹಾಳೆ ನನ್ನ ಕಡೆ ತಿರುಗಿಸಿ ಸಹಿ ಮಾಡುವ ಜಾಗ ತೋರಿಸಿದರು. ಹೆಂಡತಿ ಬ್ಯಾಗಿನ ಜಿಪ್ಪು ತೆಗೆದು, ನನಗೆ ಕೊಡಲು ಪೆನ್ನು ಹುಡುಕತೊಡಗಿದಳು.